ತೆರಿಗೆ ಇಳಿದಾಗ ಸವಿತಾ ಕೆಲಸ ಬಿಟ್ಟಳು

ಶಾಲೆ ತಪ್ಪಿಸಲು ಹುಡುಗರಿಗೆ ಹೊಟ್ಟೆನೋವು ಹೇಗೋ, ನನ್ನಂಥ ಸಣ್ಣ ವ್ಯಾಪಾರಿಗೆ ಆದಾಯ ತೆರಿಗೆ ಹಾಗೆ. ನೋವು ಎಲ್ಲಿದೆ ಎಂದು ಯಾರೂ ಮುಟ್ಟಿ ನೋಡಲಾರರು. ಚನ್ನರಾಯಪಟ್ಟಣದಲ್ಲಿ ನನ್ನದೊಂದು ಕೊಬ್ಬರಿ ಎಣ್ಣೆ ಮಿಲ್ಲಿದೆ. ಓದಿದ್ದು ಎಸ್ಸೆಸ್ಸೆಲ್ಸಿ, ಆದರೂ ಟೀ ಅಂಗಡಿಯಲ್ಲಿ ಅರ್ಥಶಾಸ್ತ್ರದ ಪಾಠ ನನ್ನದೇ. ತೆರಿಗೆ ಇಳಿದರೆ ನಾನು ಎರಡನೇ ಮಿಷನ್ ಹಾಕುತ್ತೇನೆ, ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ, ಅವರು ಸೀರೆ ಕೊಳ್ಳುತ್ತಾರೆ, ಸೀರೆ ಅಂಗಡಿಯವನ ಹೆಂಡತಿ ನನ್ನ ಹತ್ತಿರ ಎಣ್ಣೆ ಕೊಳ್ಳುತ್ತಾಳೆ. ಹೀಗೆ ದೇಶದ ಪ್ರಗತಿ ನನ್ನ ಮಿಲ್ಲಿನಿಂದ ಹೊರಟು, ಬಜಾರು ಸುತ್ತಿ, ನನ್ನ ಮಿಲ್ಲಿಗೇ ವಾಪಸು ಬರುತ್ತಿತ್ತು. ಇದ್ದ ಒಂದೇ ಮಿಷನ್ ಗಿರಾಕಿಗಳಿಲ್ಲದೆ ಮಧ್ಯಾಹ್ನದಿಂದ ಮಲಗಿರುತ್ತಿತ್ತು ಎಂಬುದನ್ನು ಮಾತ್ರ ಪಾಠದಲ್ಲಿ ಸೇರಿಸುತ್ತಿರಲಿಲ್ಲ.

ನನ್ನ ಮಾತನ್ನು ನಂಬಿದವಳು ಒಬ್ಬಳೇ, ಹಿಂದಿನ ಬೀದಿಯ ಸವಿತಾ. ಹಾಸನದ ಗಾರ್ಮೆಂಟ್ಸಿಗೆ ಹೋಗುವ ವ್ಯಾನು ಹತ್ತುವಾಗ ಅವಳ ಮಗು ಇನ್ನೂ ಎದ್ದಿರುತ್ತಿರಲಿಲ್ಲ. ಇಳಿಯುವಾಗ ಮತ್ತೆ ಮಲಗಿರುತ್ತಿತ್ತು. ಊರಲ್ಲೇ ಕೆಲಸ ಕೊಡಿ ಎಂದು ಕೇಳಿದಾಗಲೆಲ್ಲ ನನ್ನ ಉತ್ತರ ಒಂದೇ: "ತೆರಿಗೆ ಇಳೀಲಿ ಕಣವ್ವ, ಮೊದ್ಲು ನಿನ್ನೇ ಕರೀತೀನಿ."

ಇಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಹೇಳಿದ್ದೆ. ಸರ್ಕಾರ ನನ್ನನ್ನು ಕೇಳದೆ ಇಳಿಸಿಬಿಟ್ಟಿತು. ಬಜೆಟ್ ಕೇಳಿದ ಖುಷಿಯಲ್ಲಿ ನಾನು ಕಾಲು ಚಾಚಿ ಮಲಗುವ ಕುರ್ಚಿಯೊಂದನ್ನು ತಂದೆ. ದೇಶದ ಬಂಡವಾಳವೆಲ್ಲ ಅದರ ಮೆತ್ತೆಯೊಳಗೆ ಸೇರಿತು. ಅದರಲ್ಲಿ ಒರಗಿದ್ದಾಗಲೇ ಸವಿತಾ ಬಾಗಿಲಿಗೆ ಬಂದಳು.

"ಟೀವೀಲಿ ಯೋಳುದ್ರು ಯಜಮಾನ್ರೆ, ತೆರಿಗೆ ಇಳೀತಂತೆ. ಗಾರ್ಮೆಂಟ್ಸು ಬುಟ್ಬುಟ್ಟೆ. ಯಾವತ್ತಿಂದ ಬರ್ಲಿ?"

ಕುರ್ಚಿ ಮಡಿಸುವ ಹಿಡಿ ಆ ಗಾಬರಿಯಲ್ಲಿ ಕೈಗೆ ಸಿಗಲಿಲ್ಲ. ಮಲಗಿಕೊಂಡೇ, "ಅದು ಏಪ್ರಿಲ್ಲಿಂದ ಕಣವ್ವ... ಮಿಷನ್ನು ಕೊಯಮತ್ತೂರಿಂದ ಬರ್ಬೇಕು..." ಎಂದು ತೊದಲಿದೆ. ಅವಳ ಮುಖ ಇಳಿದುಹೋಯಿತು. "ಸೂಪ್ರವೈಸ್ರು ಆಗ್ಲೇ ಬೇರೆಯೋಳ್ನ ಕೂರ್ಸವ್ರೆ," ಎಂದಳು, ನೆಲ ನೋಡುತ್ತಾ.

ಒಳಗಿನಿಂದ ನನ್ನ ಹೆಂಡತಿ ಬಂದಳು. "ರೀ, ಆ ಕುರ್ಚಿಯಿಂದ ಎಷ್ಟು ಜನಕ್ಕೆ ಕೆಲ್ಸ ಸಿಕ್ತು? ಒಬ್ಳನ್ನಾದ್ರೂ ಸೇರಿಸ್ಕೊಳ್ಳಿ. ನಾಳೆಯಿಂದ ಬಾ ಸವಿತಾ."

ಹೆಂಡತಿಗೆ ಹೆದರಿ ಕೊಟ್ಟ ಕೆಲಸವನ್ನು ಹೂಡಿಕೆ ಎನ್ನಬಹುದೋ ಇಲ್ಲವೋ ತಿಳಿಯದು. ಸವಿತಾ ಎಣ್ಣೆಯನ್ನು ಬಾಟಲಿಗೆ ತುಂಬಿ, ಬೆಳಗ್ಗೆ ವ್ಯಾನು ನಿಲ್ಲುವಲ್ಲಿಗೆ ಒಯ್ದು ತನ್ನ ಹಳೆಯ ಗೆಳತಿಯರಿಗೆ ಮಾರತೊಡಗಿದಳು. ಅವರು ಹಾಸನದ ನೆಂಟರಿಗೂ ಬೇಕೆಂದು ಕೇಳಿದರು. ಮಧ್ಯಾಹ್ನ ಮಲಗುತ್ತಿದ್ದ ಮಿಷನ್ ಸಂಜೆಯವರೆಗೆ ಎದ್ದು ಕೂತಿತು. ತೆರಿಗೆ ಇಳಿಯಲಿ ಏರಲಿ, ಮಿಷನ್ ಓಡಲು ಮೊದಲು ಎಣ್ಣೆ ಕೊಳ್ಳುವವರು ಇರಬೇಕು ಎಂಬುದು ಈ ವಯಸ್ಸಿನಲ್ಲಿ ತಲೆಗೆ ಹೋಯಿತು.

ಮೊನ್ನೆ ಆಡಿಟರು ಫೋನ್ ಮಾಡಿ, ಈ ಸಲ ನೀವೂ ತೆರಿಗೆ ಕಟ್ಟಬೇಕಾಗುತ್ತದೆ ಎಂದರು. "ಅಯ್ಯೋ, ತೆರಿಗೆ ಜಾಸ್ತಿ ಆಯ್ತಾ?" ಎಂದು ನಾನು ಅಭ್ಯಾಸಬಲದಿಂದ ಕೂಗಿದೆ. ಬಾಟಲಿ ತುಂಬುತ್ತಿದ್ದ ಸವಿತಾ ಕೈ ನಿಲ್ಲಿಸಿದಳು. "ಅಂಗಾರೆ ನನ್ ಕೆಲ್ಸ ಓಯ್ತಾ ಯಜಮಾನ್ರೆ?"

ಅವಳ ಕಣ್ಣಲ್ಲಿದ್ದ ಭಯ ನಾನು ಕಲಿಸಿದ ಪಾಠದ್ದೇ. ನಿಜ ಹೇಳದೆ ದಾರಿಯಿರಲಿಲ್ಲ. ಆದರೆ ಆ ಮಾತನ್ನು ಇಷ್ಟು ವರ್ಷದ ವ್ಯಾಪಾರದಲ್ಲಿ ಕೆಲಸದವರ ಎದುರು ಒಮ್ಮೆಯೂ ಆಡಿರಲಿಲ್ಲ. ನೀರು ಕುಡಿದು ಹೇಳಿದೆ: "ಇಲ್ಲ ಕಣವ್ವ. ಲಾಭ ಜಾಸ್ತಿ ಆಗೈತೆ."

ಅವಳು ನಿಟ್ಟುಸಿರು ಬಿಟ್ಟು ನಕ್ಕಳು. ಮತ್ತೆ ಬಾಟಲಿ ಹಿಡಿದವಳು ಯೋಚಿಸಿ ಕೇಳಿದಳು, "ಅಂಗಾರೆ ನನ್ ಸಂಬ್ಳ?"

ಇದಕ್ಕೆ ಏನು ನೆಪ ಹೇಳುವುದೆಂದು ನಾನು ಟೀ ಅಂಗಡಿಗೆ ಹೋಗಿ ಕೂತು ಯೋಚಿಸಿದೆ. ಒಂದೂ ಹೊಳೆಯಲಿಲ್ಲ. ತೆರಿಗೆಯ ನೆಪವನ್ನಂತೂ ಲಾಭದ ಮಾತಾಡಿ ನಾನೇ ಕೆಡಿಸಿಕೊಂಡಿದ್ದೆ.