ಮೌನಪ್ಪ ಹಾಡಿದ ಮಂಗಳ

ಬರೀ ನಾಟಕ ಕೆಟ್ಟಿದ್ದರೆ ಮೌನಪ್ಪ ಅಷ್ಟು ಹೆದರುತ್ತಿರಲಿಲ್ಲ. ನಾಟಕ ಕೆಡುವುದು ಲೋಕದಲ್ಲಿ ನಡೆದೇ ಇದೆ; ಜನ ನಾಲ್ಕು ದಿನ ಆಡಿಕೊಂಡು ನಗುತ್ತಾರೆ, ಆಮೇಲೆ ಬೇರೆ ಯಾರದೋ ಮನೆಯ ಜಗಳ ಸಿಗುತ್ತದೆ. ಅವನ ಎದೆ ನಡುಗುತ್ತಿದ್ದದ್ದು ಕೊನೆಗೆ ತಾನು ಹಾಡಿದ ಮಂಗಳಕ್ಕೆ, ಅದರಲ್ಲೂ ಅದರ ಕೊನೆಯ ನುಡಿಗೆ.

ಶಹಾಪುರದ ಬಳಿಯ ಸಗರದಲ್ಲಿ ಅವನದು ಬಡಗಿ ಕೆಲಸ. ಆಟ ಬಂತೆಂದರೆ ಹಾರ್ಮೋನಿಯಂ ನುಡಿಸಿ ಹಾಡುವ ಪೇಟಿ ಮಾಸ್ತರನೂ ಅವನೇ. 'ಪುಷ್ಪಗಂಧಿ ಪರಿಣಯ' ಎಂಬ ಸಂಗೀತ ನಾಟಕ ಒಂದು ಕಾಲಕ್ಕೆ ಊರಿನ ಮರ್ಯಾದೆಯಾಗಿತ್ತು. ಗೋಗಿಯಿಂದ, ಶಹಾಪುರದಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹೆಣ್ಣುಮಕ್ಕಳು ಬೀಸುವಾಗಲೂ ಅದರ ಹಾಡೇ. ರಜಾಕಾರರ ಗದ್ದಲದಲ್ಲಿ ನಿಂತುಹೋದ ಆ ಆಟ, ನಿಜಾಮರ ಆಳ್ವಿಕೆ ಮುಗಿದು, ಊರಿನವರು ಮತ್ತೆ ನಿಶ್ಚಿಂತೆಯಿಂದ ಬದುವಿಗಾಗಿ ಜಗಳಾಡುವಂತಾದ ಮೇಲೆ, ಈ ಬೇಸಿಗೆಯಲ್ಲಿ ಮತ್ತೆ ರಂಗಕ್ಕೆ ಬಂತು.

ಬರಬಾರದಿತ್ತು. ರಾಜಕುಮಾರಿ ಪುಷ್ಪಗಂಧಿಯಾಗುತ್ತಿದ್ದ ಭಾಗಣ್ಣ ಈ ನಡುವೆ ಎತ್ತಿನಂತೆ ಬೆಳೆದು ಕೂತಿದ್ದ. ಹಳೆಯ ಕುಪ್ಪಸ ಮೊದಲ ಅಂಕದಲ್ಲೇ ಬೆನ್ನ ಹಿಂದೆ ಬಾಯಿ ಬಿಟ್ಟಿತು. ಅಲ್ಲಿಂದ ಮುಂದೆ ರಾಜಕುಮಾರಿ ಜನರಿಗೆ ಬೆನ್ನು ತೋರಿಸಲಾರದೆ ಏಡಿಯ ಹಾಗೆ ಅಡ್ಡಡ್ಡ ನಡೆದಳು. ರಾಜನಾದ ಯಂಕಣ್ಣ ಮಾತು ಮರೆತು, "ಮಂತ್ರಿವರ್ಯಾ, ಮುಂದೇನು?" ಎಂದು ಅದನ್ನೇ ಮತ್ತೆ ಮತ್ತೆ ಕೇಳಿದ. "ಮುಂದ ಮನಿಗೆ ಹೋಗೂದು!" ಎಂದು ಹಿಂದಿನಿಂದ ಯಾರೋ ಉತ್ತರ ಕೊಟ್ಟರು. ಹೆಣ್ಣುಮಕ್ಕಳು ಕೂತ ಕಡೆ ಶೇಂಗಾ ಒಡೆಯುವ ಸದ್ದು ತಬಲಾ ಸದ್ದನ್ನು ಮೀರಿತು. ಮುದುಕರು, "ಆವಾಗ ಹ್ಯಾಂಗಿತ್ತಪಾ ಈ ಆಟ!" ಎಂದು ಸತ್ತವರನ್ನು ನೆನೆದಂತೆ ನಿಟ್ಟುಸಿರು ಬಿಟ್ಟರು. ಕಡೆಗೆ "ಮಂಗಳ ಹಾಡಿ ಸಾಯ್ರೋ!" ಎಂಬ ಕೂಗೆದ್ದಾಗ, ಇನ್ನೇನು ಕಲ್ಲು ಬಂದೀತೆಂಬ ಗಾಬರಿಯಲ್ಲಿ ಮೌನಪ್ಪ ಪೇಟಿಯ ಮೇಲೆ ಬೆರಳಿಟ್ಟ.

ಅಲ್ಲೇ ಎಡವಟ್ಟಾಯಿತು. ನಿಜಾಮರ ಕಾಲದಲ್ಲಿ ಶಹಾಪುರದ ಪೋಲೀಸ್ ಠಾಣೆಯ ಅಧಿಕಾರಿಯಾಗಿದ್ದ ಒಬ್ಬ ಅಮೀನ ಸಾಹೇಬ ಒಂದು ಹುಕುಂ ಮಾಡಿದ್ದ. ಯಾವ ಆಟವಾಡಿದರೂ ಮಂಗಳದ ಕೊನೆಗೆ ಉರ್ದುವಿನಲ್ಲಿ ಒಂದು ನುಡಿ ಹಾಡಿ ಹುಜೂರರಿಗೆ, ಎಂದರೆ ನಿಜಾಮರಿಗೆ, ಒಳಿತು ಕೋರಿ ದುವಾ ಹೇಳಬೇಕು. ಆಗ ನೆರೆದವರೆಲ್ಲ ಎದ್ದು ಕೈಕಟ್ಟಿ ನಿಲ್ಲಬೇಕು. ನಿಲ್ಲದವನು ಬೆಳಿಗ್ಗೆ ಠಾಣೆಯಲ್ಲಿರುತ್ತಿದ್ದ. ಈಗ ಆ ನುಡಿಯನ್ನು ಕಿತ್ತುಹಾಕಿ, ದೇಶದ ಮೇಲೆ ಹೊಸ ನುಡಿಯೊಂದನ್ನು ಕಟ್ಟಿ, ಮೌನಪ್ಪ ಉಳಿ ಹಿಡಿದಾಗಲೂ ಬಾಯಿಪಾಠ ಮಾಡಿದ್ದ. ಆದರೆ ಗಾಬರಿಯಲ್ಲಿ ಬೆರಳುಗಳು ಹಳೆಯ ದಾರಿ ಹಿಡಿದವು, ನಾಲಿಗೆ ಬೆರಳಿನ ಬೆನ್ನು ಹತ್ತಿತು. ಹುಜೂರರ ನೆರಳು ಸದಾ ನಮ್ಮ ತಲೆಯ ಮೇಲಿರಲಿ ಎಂದು, ಇಡೀ ಆಟದಲ್ಲಿ ಒಮ್ಮೆಯೂ ಹೊಂದದ ಶ್ರುತಿ ಹೊಂದಿ, ಚೊಕ್ಕವಾಗಿ ಹಾಡಿಬಿಟ್ಟ.

ಜನರೂ ಅವನಿಗಿಂತ ಶಾಣ್ಯಾರಲ್ಲ. ಆ ಧಾಟಿ ಕಿವಿಗೆ ಬಿದ್ದದ್ದೇ ತಡ, ಬೈಯುತ್ತಿದ್ದವರು ಬೈಗುಳ ನುಂಗಿ, ನಿದ್ದೆ ಮಾಡುತ್ತಿದ್ದವರು ಕಣ್ಣು ಮುಚ್ಚಿಕೊಂಡೇ, ಇಡೀ ಊರು ಎದ್ದು ಕೈಕಟ್ಟಿ ನಿಂತಿತು. ಮುಂದಿನ ಕುರ್ಚಿಯಲ್ಲಿ ಹೊಸ ಸರ್ಕಾರದ ಹೊಸ ಅಮೀನ ಸಾಹೇಬರು ಕೂತು ಎಲ್ಲವನ್ನೂ ನೋಡುತ್ತಿದ್ದರು.

ಬೆಳಗಾಗುತ್ತಲೇ ಮೌನಪ್ಪನ ಅಂಗಳಕ್ಕೆ ಮೊದಲು ಬಂದವರು ಬಸವಂತ್ರಾಯರು. ಹಿಂದೆ ಊರಿನ ಪಟೇಲಕಿ ಮಾಡಿದವರು, ಕಾಯಿದೆ ತಿಳಿದವರೆಂದು ಹೆಸರು.

"ಮೌನಪ್ಪ, ರಾತ್ರಿ ನಾ ಯಾಕ ಎದ್ದು ನಿಂತೆ, ಗೊತ್ತದ ಏನು?"

"ಇಲ್ರಿ."

"ಕಾಲಿಗೆ ಜೋಮು ಹಿಡದಿತ್ತು. ಯಾರರೆ ಕೇಳಿದ್ರ ಹಂಗ ಹೇಳು."

"ಕೈ ಯಾಕ ಕಟ್ಟಿದ್ರು ಅಂತ ಕೇಳಿದ್ರ?"

ಬಸವಂತ್ರಾಯರು ಹೆಗಲ ಶಲ್ಯ ಎಳೆದು ಹೊದ್ದುಕೊಂಡರು. "ಥಂಡಿ ಇತ್ತು."

"ಈ ಬ್ಯಾಸಿಗ್ಯಾಗರಿ?"

"ನನ್ನ ಥಂಡಿ ನಿನಗೇನು ಗೊತ್ತಲೇ? ಹೇಳಿದಷ್ಟು ಹೇಳು!"

ಅವರು ಜಗುಲಿಯ ಮೇಲೆ ಕೂರುವಷ್ಟರಲ್ಲಿ ಪಕ್ಕದ ಮನೆಯ ಮಲಕಮ್ಮ ಗೋಡೆಯ ಮೇಲಿಂದ ತಲೆ ಹಾಕಿದಳು. ಮೌನಪ್ಪನ ಹೆಂಡತಿ ಸುಗಲಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಸುಗಲವ್ವಾ, ನಿನ್ನ ಗಂಡಗ ಹೇಳವಾ, ನಾ ಎದ್ದಿದ್ದು ಉಡ್ಯಾಗಿನ ಶೇಂಗಾ ಸಿಪ್ಪಿ ಝಾಡಿಸಾಕ. ಮತ್ತ ಆ ನಾಟಕ ಏನು ಮಾಡ್ಯಾರ ನಮ್ಮವ್ವಾ! ಹಿಂದಕ ಪುಷ್ಪಗಂಧಿ ಅತ್ಲಂದ್ರ ನನಗ ಮರುದಿನ ರೊಟ್ಟಿ ಸೇರ್ತಿದ್ದಿಲ್ಲ. ರಾತ್ರಿ ಆಕಿ ಅಳೂಮುಂದ ನಕ್ಕು ನಕ್ಕು ಪಕ್ಕಡಿ ಹಿಡದಾವ."

ಹೀಗೆ ಒಬ್ಬೊಬ್ಬರೇ ಬಂದರು. ಒಬ್ಬನಿಗೆ ಚೇಳು ಹರಿದಂತಾಗಿತ್ತು. ಇನ್ನೊಬ್ಬ ಮನೆಗೆ ಹೊರಟವನು, ಮುಂದಿನವರು ದಾರಿ ಬಿಡಲಿಲ್ಲವೆಂದು ನಿಂತಿದ್ದ. ಪ್ರತಿಯೊಬ್ಬರೂ ನಾಟಕಕ್ಕೆ ಒಂದಿಷ್ಟು ಬೈದು, ತಾವು ಎದ್ದ ಕಾರಣವನ್ನು ಅವನ ತಲೆಗೆ ತುಂಬಿ ಹೋದರು. ರಾಜಕುಮಾರಿ ಭಾಗಣ್ಣನೂ ಬಂದ. ಅವನಿಗೆ ಹುಜೂರರ ಚಿಂತೆ ಇರಲಿಲ್ಲ. "ಖರೇ ಹೇಳೋ ಮೌನಪ್ಪ, ನನ್ನ ಬೆನ್ನು ಕಂಡಿತೇನು?" ಎಂದು ಪಿಸುಗುಟ್ಟಿದ.

ಬಿಸಿಲೇರಿದಾಗ ಅಂಗಳದಲ್ಲಿ ಬೂಟಿನ ಸದ್ದಾಯಿತು. ಶಹಾಪುರ ಠಾಣೆಯ ಪೋಲೀಸ್ ಜವಾನ ಬಾಷುಮಿಯಾ ನಿಂತಿದ್ದ. ನಿಜಾಮರ ಕಾಲದಿಂದಲೂ ಅದೇ ಠಾಣೆಯಲ್ಲಿದ್ದವನು. ಟೋಪಿ ಬದಲಾಗಿತ್ತು, ಮೀಸೆ ಹಳೆಯದೇ. ಎಂದೂ ಎದೆ ಸೆಟೆದು ಮಾತಾಡುವವನು ಇಂದು ನೆಲ ನೋಡುತ್ತ ಹೇಳಿದ: "ಅಮೀನ್ ಸಾಬ್ ಕರೀಲಿಕ್ಕತ್ಯಾರ. ರಾತ್ರಿ ಮಂಗಳ ಹಾಡಿದಾಂವ ಯಾವಾಂವ, ಜಲ್ದಿ ಕರ್ಕೊಂಡು ಬಾ ಅಂದಾರ." ಇಷ್ಟು ಹೇಳಿ, ಅವನನ್ನು ಜೊತೆಗೆ ಕರೆದೊಯ್ಯಲೂ ನಿಲ್ಲದೆ ಸೈಕಲ್ಲು ಹತ್ತಿ ಹೋಗಿಬಿಟ್ಟ.

ಮೌನಪ್ಪ ಜಗುಲಿಯ ಮೇಲಿದ್ದ ಬಸವಂತ್ರಾಯರ ಕಡೆ ತಿರುಗಿದ.

"ರಾಜದ್ರೋಹ," ಎಂದರು ಬಸವಂತ್ರಾಯರು, ಮದುವೆಯ ಮುಹೂರ್ತ ಹೇಳುವವರಂತೆ. "ಇದಕ್ಕ ಜಾಮೀನಿಲ್ಲ."

"ಸಾಕ್ಷಿ ಬೇಕಲ್ರಿ ಅದಕ?"

"ಊರಿಗೂರೇ ಸಾಕ್ಷಿ ಹೇಳ್ತದ."

"ಊರಿಗೂರೇ ಎದ್ದು ನಿಂತಿತ್ತಲ್ರೀ!"

"ಎಲ್ಲಾರ ಕಾಲಿಗೂ ಜೋಮು ಹಿಡದಿತ್ತಂತ ಹೇಳ್ತೀವಿ, ತಗೋ."

ಸುಗಲಮ್ಮ ಗಂಡನನ್ನು ಬೈದಳು, ಅತ್ತಳು, ಮತ್ತೆ ಬೈದಳು. "ಪೇಟಿ ಮಾರಿ ಒಂದು ಎಮ್ಮಿ ತರ್ರಿ ಅಂತ ಬಡಕೊಂಡೆ. ಎಮ್ಮಿ ಯಾವತ್ತರೆ ತಪ್ಪು ಹಾಡತಿತ್ತೇನು?" ಎನ್ನುತ್ತ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಬುತ್ತಿ ಕಟ್ಟಿದಳು. ಮೇಲೊಂದು ಕಂಬಳಿಯನ್ನೂ ಮಡಚಿ ಕೊಟ್ಟಳು. "ಜೇಲಿನ್ಯಾಗ ನೆಲ ಭಾಳ ತಣ್ಣಗಿರ್ತದಂತ," ಎನ್ನುತ್ತ ಒಲೆಯ ಕಡೆ ತಿರುಗಿದಳು. ಅವನು ಎರಡನ್ನೂ ಎತ್ತಿಕೊಂಡು ಹೊರಟ.

ಊರ ಹೊರಗೆ ತಬಲಾದ ಖಾಜಾಮಿಯಾ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಇಬ್ಬರೂ ಚಿಕ್ಕಂದಿನ ಗೆಳೆಯರು. ಕೂಡಿಯೇ ಶಹಾಪುರದ ದಾರಿ ಹಿಡಿದರು. ಸುತ್ತ ಹೊಲಗಳು ಬರಿದಾಗಿ ಬಿಸಿಲಿಗೆ ಬಿರಿದಿದ್ದವು.

"ನೀ ಹಾಡಿದಿ, ನಾ ಬಾರಿಸಿದೆ," ಎಂದ ಖಾಜಾಮಿಯಾ. "ನಿನಗ ಬೈದು ಬಿಟ್ಟಾರು ದೋಸ್ತ. ನನ್ನ ಹೆಸರು ಕೇಳಿದ ಮ್ಯಾಲ ಬಿಡ್ತಾರೇನು?"

ಖಾಜಾಮಿಯಾನ ತಮ್ಮ ಯೂನುಸನನ್ನು ಆಳ್ವಿಕೆ ಬದಲಾದ ಗದ್ದಲದ ದಿನಗಳಲ್ಲಿ, ರಜಾಕಾರನೆಂಬ ಯಾರದೋ ಚಾಡಿ ಕೇಳಿ, ಹಿಡಿದೊಯ್ದಿದ್ದರು. ಅವನು ಒಂದು ಕೋಳಿಯನ್ನೂ ಹೊಡೆದವನಲ್ಲ. ಗುಲಬರ್ಗಾ ಜೇಲಿನಿಂದ ಬಿಟ್ಟು ಬಂದವನು ಇಂದಿಗೂ ಬಾಗಿಲು ಬಡಿದರೆ ಒಳಗೆ ಹೋಗಿ ಕೂರುತ್ತಾನೆ. ಅದು ನೆನಪಾಗಿ ಮೌನಪ್ಪನಿಗೆ ತನ್ನ ಹೆದರಿಕೆಗಿಂತ ಗೆಳೆಯನ ಹೆದರಿಕೆಯೇ ದೊಡ್ಡದಾಗಿ ಕಂಡಿತು.

"ನೀ ಹೊರಗ ಕೂಡು. ನಾ ಒಬ್ಬನ ಹಾಡಿದೆ, ತಬಲಾ ಇದ್ದಿದ್ದೇ ಇಲ್ಲ ಅಂತೀನಿ."

"ಎದುರಿಗೇ ಕುಂತಿದ್ರಲ್ಲೋ ಸಾಹೇಬ್ರು!"

"ನೀ ಬಾರಿಸಿದ್ದು ಎಲ್ಲಿ ತಾಳಕ್ಕ ಹೊಂದಿತ್ತು? ಅದಕ್ಕ ತಬಲಾ ಅಂತ ಯಾವ ಕೋರ್ಟಿನ್ಯಾಗೂ ಒಪ್ಪಂಗಿಲ್ಲ, ನೀ ಅಂಜಬ್ಯಾಡ."

ಖಾಜಾಮಿಯಾ ನಕ್ಕ, ಕಣ್ಣೊರೆಸಿಕೊಂಡ. ಶಹಾಪುರದ ಠಾಣೆ ಬಂದಾಗ ಅವನನ್ನು ಎದುರಿನ ಹುಣಸೆ ಮರದ ನೆರಳಿಗೆ ಕೂರಿಸಿ, ಬುತ್ತಿ ಕಂಬಳಿ ಎರಡನ್ನೂ ಎದೆಗವಚಿಕೊಂಡು ಮೌನಪ್ಪ ಒಳಗೆ ಹೋದ.

ಹೊಸ ಅಮೀನರು ಮದ್ರಾಸಿನ ಕಡೆಯವರು. ಬಳ್ಳಾರಿಯಲ್ಲಿ ನೌಕರಿ ಮಾಡಿ ಕನ್ನಡ ಕಲಿತಿದ್ದರು. ಅವರ ಕುರ್ಚಿಯ ಪಕ್ಕದಲ್ಲಿ ಬಾಷುಮಿಯಾ ಕಂಬದಂತೆ ನಿಂತಿದ್ದ.

"ತಪ್ಪೆಲ್ಲ ನಂದ್ರೀ ಸಾಹೇಬ್ರ," ಎಂದು ಮೌನಪ್ಪ ಬಾಗಿಲಲ್ಲೇ ಕೈಮುಗಿದ. "ಬ್ಯಾರೆ ಯಾರದೂ ಏನೂ ಇಲ್ಲರೀ."

"ತಪ್ಪೇ!" ಅಮೀನರು ಮೇಜು ಗುದ್ದಿದರು. "ಅದನ್ನು ನಾಟಕ ಅಂತಾರಾ? ಎಂಥೆಂಥ ಸಂಗೀತ ನಾಟಕ ನೋಡಿದವನು ನಾನು. ಆ ರಾಜನಿಗೆ ಒಂದು ಮಾತು ಬರೋದಿಲ್ಲ. ಆ ರಾಜಕುಮಾರಿ ಯಾಕೆ ಹಾಗೆ ನಡೀತಾಳೆ? ಊರೆಲ್ಲ ಹೊಗಳಿದರು ಅಂತ ಬಂದು ಕೂತರೆ, ಸೊಳ್ಳೆ ಕಡಿಸಿಕೊಂಡಿದ್ದೊಂದೇ ಲಾಭ." ಅವರು ಮಾತು ನಿಲ್ಲಿಸಿ ಅವನನ್ನೇ ದಿಟ್ಟಿಸಿದರು. "ಆದರೆ ಆ ಕೊನೆಯ ಹಾಡು."

ಮೌನಪ್ಪನ ಕೈಯಿಂದ ಬುತ್ತಿ ಜಾರಿತು.

"ಅದರ ಕೊನೆಯ ನುಡಿ ಯಾವ ಭಾಷೆ?"

"ಉ... ಉರ್ದೂರಿ."

"ನನಗೆ ಉರ್ದು ಒಂದಕ್ಷರ ಬರೋದಿಲ್ಲ. ಇವನು ಅದಕ್ಕೆ ಸೆಲ್ಯೂಟ್ ಹೊಡೆದು ನಿಂತಿದ್ದ. ಏನಯ್ಯಾ ಅದರ ಅರ್ಥ ಅಂತ ಅಲ್ಲೇ ಕೇಳಿದೆ."

ಮೌನಪ್ಪ ಬಾಷುಮಿಯಾನ ಕಡೆ ನೋಡಿದ. ಬಾಷುಮಿಯಾ ಸೂರಿನ ತೊಲೆಗಳನ್ನು ಎಣಿಸುತ್ತಿದ್ದ. ಅವನ ಮೀಸೆ ಸಣ್ಣಗೆ ನಡುಗುತ್ತಿತ್ತು.

"ನಮ್ಮ ಹೊಸ ಸರ್ಕಾರ ಚೆನ್ನಾಗಿರಲಿ ಅಂತ ಹಾರೈಸೋ ಹಾಡು ಸಾಬ್, ಅದಕ್ಕೇ ಸೆಲ್ಯೂಟ್ ಹೊಡೆದೆ ಅಂದ. ಹೌದೋ?" ಎಂದರು ಅಮೀನರು.

ಆಗ ಮೌನಪ್ಪನಿಗೆ ಎಲ್ಲವೂ ತಿಳಿಯಿತು. ಹಳೆಯ ರೂಢಿಗೆ ಸಿಕ್ಕು ಸೆಲ್ಯೂಟ್ ಹೊಡೆದ ಬಾಷುಮಿಯಾ, ತನ್ನ ನೌಕರಿ ಉಳಿಸಿಕೊಳ್ಳಲು ಬಾಯಿಗೆ ಬಂದದ್ದನ್ನು ಹೇಳಿದ್ದಾನೆ! ಎದೆಯ ಮೇಲಿನ ಬಂಡೆ ಉರುಳಿ ಬಿದ್ದಂತಾಗಿ, "ಹೌದ್ರಿ, ಹೌದ್ರಿ, ನೂರಕ್ಕ ನೂರು ಹೌದ್ರಿ!" ಎಂದ. ಬಾಷುಮಿಯಾ ದೀರ್ಘವಾಗಿ ಉಸಿರು ಬಿಟ್ಟ.

"ಭೇಷ್!" ಎಂದು ಅಮೀನರು ಎದ್ದು ಬಂದು ಅವನ ಬೆನ್ನು ತಟ್ಟಿದರು. "ನಾನು ಬಂದಾಗಿನಿಂದ ನೋಡ್ತಾ ಇದ್ದೇನೆ, ಝಂಡಾ ಏರಿಸಿದರೂ ಈ ಜನ ಕೂತೇ ಇರ್ತಾರೆ. ನಿನ್ನ ಹಾಡಿಗೆ ಒಬ್ಬರೂ ಬಿಡದೆ ಎದ್ದು ನಿಂತರಲ್ಲ! ಮುಂದಿನ ವಾರ ಇಲ್ಲಿ ಹೊಸ ಶಾಲೆ ತೆರೆಯೋದಕ್ಕೆ ಕಲೆಕ್ಟರ್ ಸಾಹೇಬರು ಬರ್ತಾರೆ. ಅವರ ಮುಂದೆ ನಿನ್ನದೇ ಹಾಡು. ಅವರಿಗೆ ಆಗಲೇ ಹೇಳಿ ಕಳಿಸಿದ್ದೇನೆ."

ಮೌನಪ್ಪನ ನಗು ಮುಖದಲ್ಲೇ ಒಣಗಿತು. "ಅದಕ್ಕಿಂತ ಚಲೋ ಹಾಡು ಅದಾವ್ರೀ ಸಾಹೇಬ್ರ. ಹೊಸಾದು ಒಂದು ಕಟ್ಟೀನಿ, ದೇಶದ ಮ್ಯಾಲ..."

"ಬೇರೆ ಯಾವುದೂ ಬೇಡ. ಅದೇ ಹಾಡು, ಅದೇ ನುಡಿ. ಒಂದಕ್ಷರ ಬದಲಾಗಬಾರದು. ಕಲೆಕ್ಟರ್ ಸಾಹೇಬರು ಹೈದರಾಬಾದಿನಲ್ಲಿ ಓದಿದವರು, ಉರ್ದು ಅಂದರೆ ಪ್ರಾಣ. ಪಕ್ಕದಲ್ಲೇ ಕೂತು ಸಾಲುಸಾಲಾಗಿ ಬಿಡಿಸಿ ನನಗೆ ಅರ್ಥ ಹೇಳ್ತಾರೆ."

ಬಾಷುಮಿಯಾ ಗೋಡೆ ಹಿಡಿದುಕೊಂಡ.

"ಜನ..." ಮೌನಪ್ಪ ಕಂಬಳಿಯನ್ನು ಇನ್ನಷ್ಟು ಅವಚಿಕೊಂಡ. "ಜನ ಈ ಸಲ ಎದ್ದು ನಿಂದರಲಿಲ್ಲ ಅಂದ್ರರೀ?"

"ಹೇಗೆ ಏಳೋದಿಲ್ಲ? ಸಗರದವರೆಲ್ಲ ಬರಬೇಕು, ಎಲ್ಲ ಏಳಬೇಕು. ಏಳದವನನ್ನ ಈ ಬಾಷುಮಿಯಾನೇ ಠಾಣೆಗೆ ಎಳಕೊಂಡು ಬರ್ತಾನೆ. ಮತ್ತೆ ಆ ತಬಲಾದವನನ್ನ ಮರೀಬೇಡ. ಅವನೇನು ಬಾರಿಸ್ತಾನಯ್ಯಾ!"

ಮೌನಪ್ಪ ಹೊರಗೆ ಬಂದಾಗ ಹುಣಸೆ ಮರದ ಕೆಳಗೆ ಖಾಜಾಮಿಯಾ ಒಬ್ಬನೇ ಇರಲಿಲ್ಲ. ಏನಾಯಿತೆಂದು ತಿಳಿಯುವ ಚಪಲ ತಡೆಯದೆ ಬಸವಂತ್ರಾಯರು ಗಾಡಿ ಹೂಡಿಸಿಕೊಂಡು ಬಂದಿದ್ದರು; ಗಾಡಿಯ ತುಂಬ ಭಾಗಣ್ಣ, ಯಂಕಣ್ಣ, ಮಲಕಮ್ಮ, ಇನ್ನೂ ಯಾರ್ಯಾರೋ. ಖಾಜಾಮಿಯಾ ಓಡಿ ಬಂದು ಅವನ ಎರಡೂ ತೋಳು ಹಿಡಿದ.

"ಬಿಟ್ರೇನೋ?"

"ಬಿಟ್ಟಾರ."

"ಬಡದ್ರೇನು?"

"ಇಲ್ಲ. ಬೆನ್ನು ಚಪ್ಪರಿಸ್ಯಾರ."

"ಮತ್ತ ಮಾರಿ ಯಾಕಲೇ ಹೆಣದಂಗ ಆಗ್ಯದ?" ಎಂದರು ಬಸವಂತ್ರಾಯರು. "ಏನಂದ್ರು ಸಾಹೇಬ್ರು, ಬಾಯಿ ಬಿಟ್ಟು ಹೇಳು!"

ಮೌನಪ್ಪ ಗೆಳೆಯನನ್ನು ನೋಡಿದ, ಗಾಡಿಯ ತುಂಬ ತುಂಬಿದ್ದ ತನ್ನ ಊರನ್ನು ನೋಡಿದ, ಕಂಬಳಿ ಹಾಸಿಕೊಂಡು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

"ಒನ್ಸ್ ಮೋರ್ ಅಂದ್ರು."