ನಾರ್‌ಕ್ರಾಸ್‌ನಲ್ಲಿ ಚೀನಾದ ಮಹಾರಾಣಿಯರು

ಅಮೆರಿಕದ ಅಟ್ಲಾಂಟಾ ಹತ್ತಿರದ ನಾರ್‌ಕ್ರಾಸ್‌ನಲ್ಲಿ ಇಂಡಿಯನ್ ಗ್ರೋಸರಿ ಪಕ್ಕದ ಚಿತ್ರದಂಗಡಿಯಲ್ಲಿ ನನಗೆ ಕೆಲಸ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಕೂತು ಬರೀ ಗೋಡೆ ನೋಡಿ ಬೇಸತ್ತವರೆಲ್ಲ ಆಮೇಲೆ ನಮ್ಮಲ್ಲಿಗೆ ಬರತೊಡಗಿದರು. ಚೀನಾದ ಹಳೇ ಕಾಲದ ಮಹಾರಾಣಿಯರನ್ನು ಕ್ಯಾನ್ವಾಸ್ ಮೇಲೆ ಪ್ರಿಂಟ್ ಮಾಡಿ ಮಾರುವುದು ನಮ್ಮ ವಿಶೇಷ. ಹೂವಿನ ಚಿತ್ರ ಕೊಂಡವರು ತೆಪ್ಪಗೆ ಹೋಗುತ್ತಾರೆ. ರಾಣಿಯ ತಂಟೆಗೆ ಹೋದವರಿಗೆ ಮಾತ್ರ ಏನಾದರೊಂದು ಅನುಮಾನ ಬಂದೇ ಬರುತ್ತದೆ.

ಕಣ್ಣು

ಮೈಸೂರಿನ ಡಾಕ್ಟರ್ ಆಂಟಿ ಒಬ್ಬರು, ಈಗ ರಿಟೈರ್ ಆಗಿದ್ದಾರೆ. ಕೊಂಡುಹೋದ ರಾಣಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ವಾಪಸ್ ಬಂದರು.

"ಎಲ್ಲಿ ಹೋದ್ರೂ ನನ್ನೇ ನೋಡ್ತಾಳೆ ಕಣಮ್ಮ. ಒಳಗೆ ಕ್ಯಾಮೆರಾ ಇಟ್ಟಿದ್ದಾರೆ."

ನಾನು ಹಿಂಬದಿಯ ಕಾಗದ ಕಿತ್ತು ತೋರಿಸಿದೆ. ಮರದ ಪಟ್ಟಿ, ಪಿನ್ನು, ಅಷ್ಟೇ.

"ನೋಡಿ ಆಂಟಿ, ಕ್ಯಾಮೆರಾ ಇಲ್ಲ."

ಆಂಟಿ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ, ಕ್ಯಾಮೆರಾನೂ ಇಲ್ಲದೇ ನೋಡ್ತಿದ್ಲಾ!"

ಒಂದೇ ಮುಖ

ಸಾಫ್ಟ್‌ವೇರಿನವನೊಬ್ಬ ವಿಡಿಯೊ ಮೀಟಿಂಗಿನಲ್ಲಿ ಬೆನ್ನ ಹಿಂದೆ ಕಾಣಿಸಲು ರಾಣಿ ಬೇಕೆಂದು ಬಂದ. ಎರಡು ಚಿತ್ರ ಅಕ್ಕಪಕ್ಕ ಇಟ್ಟುಕೊಂಡು ಕಣ್ಣು ಕಿರಿದು ಮಾಡಿ ನೋಡಿದ.

"ಮೇಡಂ, ಇಬ್ರದ್ದೂ ಒಂದೇ ಮುಖ. ಸೀರಿಯಸ್ಲಿ, ಕಾಪಿ ಪೇಸ್ಟ್ ಮಾಡಿದ್ದೀರಾ."

"ಇಲ್ಲ ಸರ್, ಇವರು ಬೇರೆ, ಅವರು ಬೇರೆ. ರಾಜವಂಶವೇ ಬೇರೆ."

"ಬಣ್ಣ ಬದಲಾಯಿಸಿ ಹೊಸ ವರ್ಷನ್ ಅಂತ ಕ್ಲೈಂಟ್‌ಗೆ ಕೊಡೋದೇ ನನ್ನ ಕೆಲಸ. ನನಗೇ ಹೇಳ್ತೀರಾ?"

ರಾಂಗ್ ನಂಬರ್

ಹೆಂಡತಿಯ ಹುಟ್ಟುಹಬ್ಬಕ್ಕೆಂದು ಬೆಂಗಳೂರಿನವರೊಬ್ಬರು ಗುಟ್ಟಾಗಿ ಒಂದು ರಾಣಿಯನ್ನು ಆರ್ಡರ್ ಮಾಡಿದ್ದರು. ಚಿತ್ರ ಸಿದ್ಧವಾದ ಕೂಡಲೇ ಫೋನ್ ಮಾಡಿದೆ.

"ಸರ್, ನಿಮ್ಮ ರಾಣಿ ರೆಡಿಯಾಗಿ ಕಾಯ್ತಿದ್ದಾಳೆ. ಮನೇಲಿ ಗೊತ್ತಾಗಬಾರದು ಅಂದಿದ್ರಲ್ಲ, ಹಿಂದಿನ ಬಾಗಿಲಿಗೇ ಬಂದುಬಿಡಿ."

ಆ ಕಡೆಯಿಂದ "ರಾಂಗ್ ನಂಬರ್" ಎಂದು ಕಟ್ ಮಾಡಿದರು.

ಅವರು ಕಾರ್ ಓಡಿಸುತ್ತಿದ್ದರಂತೆ. ನನ್ನ ದನಿ ಕಾರಿನ ಸ್ಪೀಕರಿನಲ್ಲಿ ಮೊಳಗಿತ್ತು, ಪಕ್ಕದ ಸೀಟಿನಲ್ಲಿ ಹೆಂಡತಿ.

"ಅಟ್ಲಾಂಟಾದಲ್ಲಿ, ಕನ್ನಡದಲ್ಲಿ, ರಾಂಗ್ ನಂಬರ್ರಾ?" ಎಂದು ಆಕೆ ಅಲ್ಲೇ ಗಂಡನ ಕೈಲಿ ಕಾರ್ ತಿರುಗಿಸಿ, ಆ ಹಿಂದಿನ ಬಾಗಿಲಿಗೇ ಬಿಡಲು ಹೇಳಿದ್ದಾರೆ.

ಸ್ವಲ್ಪ ಹೊತ್ತಿಗೆಲ್ಲ ಹಿಂದಿನ ಬಾಗಿಲು ಧಡಧಡ. ತೆರೆದೆ. ಮುಂದೆ ಆಕೆ, ಹಿಂದೆ ಬೆವರುತ್ತಿದ್ದ ಗಂಡ.

"ಫೋನ್ ಮಾಡಿದ್ದು ನೀವೇನಾ? ಎಲ್ಲಿ ಅವಳು?"

ನಾನು ಚಿತ್ರದ ಹೊದಿಕೆ ತೆಗೆದೆ. ಹೊನ್ನಿನ ಕಿರೀಟ, ಕೆಂಪು ರೇಷ್ಮೆ, ತುಟಿಯಂಚಿನಲ್ಲೊಂದು ನಗು.

"ನಿನ್ನ ಬರ್ತ್‌ಡೇಗೆ ಕಣೇ" ಎಂದರು ಗಂಡ, ಸಣ್ಣ ದನಿಯಲ್ಲಿ.

ಆಕೆಯ ಮನಸ್ಸು ಕರಗಿತು, ಕಣ್ಣು ತುಂಬಿತು. "ಸಾರಿ ರೀ, ಏನೇನೋ ಅಂದ್ಕೊಂಡೆ" ಎಂದು ಗಂಡನ ಕೈ ಹಿಡಿದುಕೊಂಡರು. ನನಗೂ ಉಸಿರು ಬಂತು. ಆಕೆ ಬಗ್ಗಿ ಚಿತ್ರದ ಕೆಳಗೆ ಅಂಟಿಸಿದ್ದ ಹೆಸರಿನ ಚೀಟಿಯನ್ನು ಓದಿದರು: "ಚಕ್ರವರ್ತಿಯ ಮೂರನೇ ರಾಣಿ."

ಹಿಡಿದಿದ್ದ ಕೈ ಬಿಟ್ಟು ನಿಧಾನಕ್ಕೆ ಗಂಡನ ಕಡೆ ತಿರುಗಿದರು.

"ನಾನು ಮೂರನೆಯವಳಾ? ಮೊದಲಿಬ್ಬರು ಎಲ್ಲಿದ್ದಾರೆ?"