ಸಂಜೆ ಐದರ ನೆರಳು

ಎಲ್ಲದಕ್ಕೂ ಕಾರಣ ಸವ್ರಿ ಚಿಕ್ಕಮ್ಮನ ಉಪ್ಪಿನ ಡಬ್ಬಿ. ಬೆಳಿಗ್ಗೆ ಬೀದಿಯ ತಂದೂರಿನ ಮುಂದೆ ಹೋತಮ್ ಬಿಸಿ ರೊಟ್ಟಿಗೆ ಕಾದು ನಿಂತಿದ್ದಾಗ ಆಕೆ ಹಿಂದಿನಿಂದ ಬಂದು ಹಿಡಿದಳು.

"ಏನಪ್ಪಾ ಹೋತಮ್, ನಿನ್ನ ಚಿತ್ರದಲ್ಲಿ ನಮ್ಮ ಅಡುಗೆಮನೆ ತುಂಬ ಬಂಗಾರದ ಬಿಸಿಲಿತ್ತು. ಅದನ್ನ ನಂಬಿ ಮನೆ ತಗೊಂಡೆ. ಈಗ ಹಾಡಹಗಲಲ್ಲಿ ಉಪ್ಪಿನ ಡಬ್ಬಿ ಹುಡುಕೋಕೆ ದೀಪ ಹಚ್ಚಬೇಕು. ನಿನ್ನೆ ಹಲ್ವಾಕ್ಕೆ ಉಪ್ಪು ಹಾಕಿದೀನಿ!"

ತಂದೂರಿನ ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಹೋತಮ್ ರೊಟ್ಟಿ ಕಂಕುಳಲ್ಲಿ ಇರುಕಿಕೊಂಡು ತಲೆ ತಗ್ಗಿಸಿ ನಡೆದ.

ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುವುದು ಅವನ ಕಸುಬು. ಕಂಪ್ಯೂಟರಿನಲ್ಲಿ ಗೋಡೆ ಎಬ್ಬಿಸಿ, ಕಿಟಕಿ ಕೂರಿಸಿ, ಮೇಲೆ ಬಿಸಿಲು ಹಾಯಿಸುತ್ತಿದ್ದ. ಇಸ್ಫರಾ ಊರಿನಲ್ಲಿ ಹನ್ನೊಂದು ವರ್ಷದಿಂದ ಅವನು ಮಾಡಿದ ಕಟ್ಟಡಗಳಿಗೆಲ್ಲ ಒಂದೇ ಹೊತ್ತು, ಸಂಜೆಯ ಹೊಂಬಿಸಿಲು. ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಸೂರ್ಯ ಮಾತ್ರ ಮನೆಅಳಿಯನಂತೆ ಕರೆದ ಕಡೆ ಬಂದು ನಿಲ್ಲುತ್ತಿದ್ದ. ಇಷ್ಟಾದರೂ ಒಂದು ಚಿತ್ರದ ಕೆಳಗೂ ಹೋತಮ್ ತನ್ನ ಹೆಸರು ಹಾಕಿರಲಿಲ್ಲ. ಸುಳ್ಳಿಗೆ ಸಹಿ ಹಾಕಲು ಅವನಿಗೇ ನಾಚಿಕೆ.

ಅವತ್ತು ಮಧ್ಯಾಹ್ನ ಅವನ ಸ್ವಂತ ಬೀದಿಯ ಹಿರಿಯರಿಗೆ ಒಂದು ಚಿತ್ರ ತೋರಿಸಬೇಕಿತ್ತು. ಚಹಾ ಅಂಗಡಿಯ ಎದುರಿನ ಖಾಲಿ ಜಾಗದಲ್ಲಿ ಐದು ಮಹಡಿ ಏಳಬೇಕು. ಹಿರಿಯರು ಒಪ್ಪದೆ ಆ ಬೀದಿಯಲ್ಲಿ ಯಾರೂ ಒಂದು ಇಟ್ಟಿಗೆ ಇಡುವಂತಿಲ್ಲ. ಹೋತಮ್ ಆಫೀಸಿಗೆ ಹೋದವನೇ ಆಗಲೇ ಮಾಡಿಟ್ಟಿದ್ದ ಬಂಗಾರದ ಬಿಸಿಲಿನ ಚಿತ್ರವನ್ನು ಪಕ್ಕಕ್ಕಿಟ್ಟು, ಜುಲೈ ತಿಂಗಳ ಸಂಜೆ ಐದು ಗಂಟೆಗೆ ಸೂರ್ಯ ನಿಜವಾಗಿ ಎಲ್ಲಿರುತ್ತಾನೋ ಅಲ್ಲೇ ಇಟ್ಟ. ನೆರಳಿನ ಅಂಚನ್ನು ಅಂಗುಲ ಅಂಗುಲವಾಗಿ ತಿದ್ದಿದ. ಮಾಳಿಗೆಗಳ ಮೇಲೆ ಒಣಹಾಕಿದ ಏಪ್ರಿಕಾಟ್ ಹಣ್ಣುಗಳನ್ನೂ ಬಿಡಲಿಲ್ಲ. ಮುಗಿದಾಗ ಅವನ ಎದೆ ತಂದೂರಿನ ರೊಟ್ಟಿಯಂತೆ ಉಬ್ಬಿತು. ಜೀವನದಲ್ಲಿ ಮೊದಲ ಸಲ ಕೆಳಗೆ ಹೆಸರು ಬರೆದ.

ಯಜಮಾನ ಬಖ್ತಿಯೋರ್ ಅದನ್ನು ನೋಡಿ ಹಣೆ ಚಚ್ಚಿಕೊಂಡ.

"ಕಟ್ಟಡದ ಮುಖವೇ ಕಪ್ಪಗಿದೆಯಲ್ಲಯ್ಯಾ! ಇದೇನು ಸಾವಿನ ಮನೆಯಾ?"

"ಮುಖ ಪೂರ್ವಕ್ಕಿದೆ ಸಾರ್. ಸಂಜೆ ಅದು ಹಾಗೇ ಇರತ್ತೆ."

"ಹುಬ್ಬು ತೀಡದೆ ಮದುಮಗಳನ್ನ ಯಾರಾದ್ರೂ ಹೊರಗೆ ಕರ್ಕೊಂಡು ಬರ್ತಾರಾ? ಬಂಗಾರದ್ದೇ ಇರಲಿ!"

ಆಫೀಸಿನ ಲೆಕ್ಕ ಬರೆಯುವ ಗುಲ್‌ಬಹೋರ್ ಕತ್ತು ಚಾಚಿ, "ಕಿಟಕಿಗೊಂದು ದೀಪಾನೂ ಹಾಕಿ, ಕಳೆ ಬರತ್ತೆ" ಎಂದಳು. ದೀಪ ಬಂತು. ಇನ್ಯಾರೋ ಹಿಮದ ಬೆಟ್ಟ ಬೇಕೆಂದರು, ಅದೂ ಬಂತು. ಹೋತಮ್ ಹಲ್ಲು ಕಚ್ಚಿಕೊಂಡು ಎಲ್ಲ ಸೇರಿಸಿದ. ಆದರೆ ತನ್ನ ಚಿತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುವುದನ್ನು ಮರೆಯಲಿಲ್ಲ.

ಚಹಾ ಅಂಗಡಿಯ ಜಗಲಿಯಲ್ಲಿ ಹಿರಿಯರು ಕೂತಿದ್ದರು. ನಡುವೆ ಖೋಲ್‌ಮುರೋದ್ ತಾತ. ನಲವತ್ತು ವರ್ಷ ಕಾಲುವೆ ನೀರು ಹಂಚಿದ ಮನುಷ್ಯ. ಗೋಡೆಯ ನೆರಳು ಎಲ್ಲಿಗೆ ಬಂತೆಂದು ನೋಡಿಯೇ ಯಾರ ತೋಟಕ್ಕೆ ನೀರು ಬಿಡಬೇಕೆಂದು ಹೇಳುತ್ತಿದ್ದವನು. ಅವನು ಬಂಗಾರದ ಚಿತ್ರವನ್ನು ನೋಡಿ, ಬೀದಿ ನೋಡಿ, ಮತ್ತೆ ಚಿತ್ರ ನೋಡಿದ.

"ಯಜಮಾನ್ರೇ, ನಮ್ಮೂರಲ್ಲಿ ಸೂರ್ಯ ಮುಳುಗೋದು ಈ ಕಟ್ಟಡದ ಬೆನ್ನ ಹಿಂದೆ. ಮುಖಕ್ಕೆ ಎಲ್ಲಿಂದ ಬಂತು ಬಿಸಿಲು?"

ಬಖ್ತಿಯೋರ್ ಬೆವರು ಒರೆಸಿಕೊಂಡ. "ಅದು... ಬೆಳಗಿನ ಬಿಸಿಲು, ತಾತ."

"ಬೆಳಗಾದ್ರೆ ಎಲ್ಲ ಕಿಟಕೀಲೂ ದೀಪ ಯಾಕೆ? ಇವರ್ಯಾರೂ ರಾತ್ರಿಯೆಲ್ಲ ಮಲಗಿಲ್ವಾ?"

ಜಗಲಿ ಅಲುಗಾಡುವಂತೆ ನಗು ಎದ್ದಿತು. "ಬಿಸಿಲಲ್ಲೇ ಮೋಸ ಮಾಡೋರು ಸಿಮೆಂಟಲ್ಲಿ ಬಿಡ್ತಾರಾ?" ಎಂದು ಒಬ್ಬರು ಮೇಲೇಳತೊಡಗಿದರು. ಹೋತಮ್ ತಡೆಯಲಾರದೆ ಮುಂದೆ ಬಂದು ಸುರುಳಿ ಬಿಚ್ಚಿದ.

"ಇದನ್ನ ನೋಡಿ. ಜುಲೈ, ಸಂಜೆ ಐದು ಗಂಟೆ. ಇದರಲ್ಲಿ ಒಂದೇ ಒಂದು ಸುಳ್ಳಿದ್ರೆ ನನ್ನ ಹೆಸರು ಹೊಡೆದುಹಾಕಿ!"

ತಾತ ಕೋಲು ಊರಿಕೊಂಡು ಎದ್ದ. ಬೀದಿಗಿಳಿದು ಹೆಜ್ಜೆ ಎಣಿಸಿದ, ಆಕಾಶ ನೋಡಿದ, ಗಡ್ಡ ನೀವಿಕೊಂಡ. ಹೋತಮ್ ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅವನ ಹಿಂದೆಯೇ ನಡೆದ.

"ಕೂದಲೆಳೆಯಷ್ಟೂ ತಪ್ಪಿಲ್ಲ" ಎಂದ ತಾತ. "ನೋಡ್ರಪ್ಪಾ, ನೆರಳು ಬೀದಿ ದಾಟಿ ನಮ್ಮ ಜಗಲಿ ಪೂರ್ತಿ ಹೊದ್ದಿದೆ. ಇಷ್ಟು ವರ್ಷ ಐದು ಗಂಟೆಗೆ ಸಮೋಸಾ ಥರ ಬೇಯ್ತಿದ್ವಿ. ಕಟ್ಲಿ ಕಟ್ಲಿ! ಬೇಕಾದ್ರೆ ಇನ್ನೊಂದು ಮಹಡಿ ಹಾಕ್ಲಿ!"

ಹಿರಿಯರೆಲ್ಲ ಹೋತಮನನ್ನು ಎಳೆದು ಕೂರಿಸಿ, ಕೈಗೆ ಚಹಾ ಕೊಟ್ಟು ಬೆನ್ನು ತಟ್ಟಿದರು. ಬಖ್ತಿಯೋರ್ ಕೂಡ, "ನಮ್ಮ ಆಫೀಸಿನಲ್ಲಿ ಮೊದಲಿಂದ್ಲೂ ಹೀಗೇ, ಸತ್ಯ ಬಿಟ್ಟು ಮಾತಿಲ್ಲ" ಎಂದ. ಹೋತಮನಿಗೆ ತನ್ನ ಹೆಸರೇ ಕಿವಿಗೆ ಇಂಪಾಗಿ ಕೇಳತೊಡಗಿತು.

ತಾತ ಚಿತ್ರದ ಮೇಲೆ ಬೆರಳಿಟ್ಟ. "ನೆರಳು ಜಗಲೀನೂ ದಾಟಿ ಹಿಂದಿನ ಮಾಳಿಗೆ ಹತ್ತಿದೆಯಲ್ಲ, ಈ ಏಪ್ರಿಕಾಟ್ ಒಣಹಾಕಿದಾರೆ ನೋಡು, ಪಾಪ, ಅದು ಯಾರ ಮನೆ?"

ಹೋತಮ್ ಬಗ್ಗಿ ನೋಡಿದ. ಚಹಾ ಮೂಗಿಗೆ ಹತ್ತಿತು. ಅದು ಅವನದೇ ಮನೆ. ಬೆಳಿಗ್ಗೆ ಚಿತ್ರದಲ್ಲಿ ಅಷ್ಟು ಅಕ್ಕರೆಯಿಂದ ಒಂದೊಂದೇ ಇಟ್ಟ ಹಣ್ಣುಗಳು ಅವನ ಹೆಂಡತಿ ಮೋಹಿರಾಳವು. ಇಡೀ ಬೀದಿಯಲ್ಲಿ ಅವಳ ಒಣಹಣ್ಣಿಗೆ ಸಮನಿಲ್ಲ, ಅವಳ ಮುಂದೆ ಹಾಗಲ್ಲ ಎನ್ನುವ ಧೈರ್ಯವೂ ಯಾರಿಗಿಲ್ಲ.

"ತಾತ, ಒಂದು ಮಾತು" ಎಂದು ತೊದಲಿದ. "ಈ ಚಿತ್ರಾನೂ ಅಷ್ಟು ಸರಿಯಿಲ್ಲ. ನೆರಳು ಇಷ್ಟುದ್ದ ಬರಲ್ಲ. ನಾನೇ ಸ್ವಲ್ಪ ಎಳೆದುಬಿಟ್ಟೆ."

"ಕೇಳಿದ್ರಾ?" ತಾತನ ಕಣ್ಣು ಒದ್ದೆಯಾಯಿತು. "ಇಷ್ಟು ಹೊಗಳಿದ್ರೂ ತಪ್ಪು ತನ್ನದೇ ಅಂತಾನೆ. ತುಂಬಿದ ಕೊಡ ತುಳುಕೋದಿಲ್ಲ."

"ಇಲ್ಲ ತಾತ, ನಿಜವಾಗ್ಲೂ ಸುಳ್ಳು!"

"ನಿನ್ನ ಬಾಯಲ್ಲಿ ಸುಳ್ಳಾ? ಸುಮ್ನೆ ಕೂತ್ಕೋ, ರೊಟ್ಟಿ ತಿನ್ನು."

ಸಂಜೆ ಚಿತ್ರ ಚಹಾ ಅಂಗಡಿಯ ಹೊರಗೋಡೆಗೆ ಏರಿತು. ಬಖ್ತಿಯೋರ್ ಹೋತಮನ ಹೆಸರನ್ನು ಮೊಳದುದ್ದ ಅಕ್ಷರದಲ್ಲಿ ಬರೆಸಿದ್ದ. ತಂದೂರಿನಿಂದ ಬರುತ್ತಿದ್ದ ಮೋಹಿರಾ ಅದರ ಮುಂದೆ ನಿಂತು ಮಾಳಿಗೆಯನ್ನೂ ಹೆಸರನ್ನೂ ನಿಧಾನವಾಗಿ ಓದಿಕೊಂಡಳು.

ಹೋತಮ್ ಮನೆಗೆ ಬಂದಾಗ ಅವಳು ಬಯ್ಯಲಿಲ್ಲ. ಹಣ್ಣು ತುಂಬಿದ ಮರದ ತಟ್ಟೆಯನ್ನು ತಂದು ಅವನ ಎರಡೂ ಕೈಗೆ ಕೊಟ್ಟಳು.

"ರೀ, ಹನ್ನೊಂದು ವರ್ಷ ಮುಳುಗೋ ಸೂರ್ಯನ್ನ ಕಂಡೋರ ಬಾಗಿಲಿಗೆಲ್ಲ ತಿರುಗಿಸಿದ್ರಿ. ಆ ಕಟ್ಟಡ ಎದ್ಮೇಲೆ ದಿನಾ ಐದು ಗಂಟೆಗೆ ನಮ್ಮ ಮಾಳಿಗೆಗೂ ಒಂಚೂರು ತಿರುಗಿಸಿ."